ರಾಯಚೂರಿನಲ್ಲಿ ಹೆಂಡತಿ ಮನೆಗೆ ಹೋದಾಗ ಊರೊಳಗೆ ಟೀ-ತಿಂಡಿಗೆ ಒಳ್ಳೆಯ ಜಾಗ ಹುಡುಕುವುದು ಹೇಗೆ?

ನಿಮಗೆ ಹೊಸದಾಗಿ ಮದುವೆಯಾಗಿದೆ, ಹೆಂಡತಿಯ ತವರು ರಾಯಚೂರು, ದಸರಾಕ್ಕೆ ಹತ್ತು ದಿನ ಹೋಗುತ್ತಿದ್ದೀರಿ, ಊರೊಳಗೆ ಸುಮ್ನೆ ಕೂತು ಕಾಫಿ ಕುಡಿಯಲು, ಏನಾದರೂ ತಿನ್ನಲು ಜಾಗ ಬೇಕು ಅಂತ ಕೇಳಿದ್ದೀರಿ. ನಾನು ಮೈಸೂರಿನವನು, ಒಂಬತ್ತು ವರ್ಷದಿಂದ ರಾಯಚೂರಿನ ಅಳಿಯ. ಇಷ್ಟು ಸಾಕಲ್ವಾ ಉತ್ತರ ಬರೆಯಲು?

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಮೊದಲ ಸಲ ಹೋದಾಗ ಎರಡನೇ ದಿನಕ್ಕೇ ಫಿಲ್ಟರ್ ಕಾಫಿ ಇಲ್ಲದೆ ತಲೆ ಸಿಡಿಯಲು ಶುರುವಾಯಿತು. ಫೋನಿನಲ್ಲಿ ಹುಡುಕಿ, ನಾಲ್ಕೂವರೆ ಸ್ಟಾರ್ ಇದ್ದ ಒಂದು ಎಸಿ ಕೆಫೆಗೆ ಆಟೋ ಹಿಡಿದೆ. ಅದು ಬಾಗಿಲು ತೆಗೆದದ್ದೇ ಹತ್ತಕ್ಕೆ. ಕಾಫಿ ಬರಲು ಇನ್ನೂ ಅರ್ಧ ಗಂಟೆ. ಮನೆಗೆ ಬಂದಾಗ ಹನ್ನೊಂದು ದಾಟಿತ್ತು. ಅತ್ತೆ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದರು, ತಾವೂ ತಿಂದಿರಲಿಲ್ಲ. "ನಮ್ಮ ಮನ್ಯಾಗಿಂದು ಸೇರಂಗಿಲ್ಲೇನು ಅಳಿಯಂದ್ರಿಗೆ?" ಅಂತ ಮಗಳನ್ನು ಕೇಳಿದರು. ನನ್ನ ಮುಖ ನೋಡಲಿಲ್ಲ. ತಣ್ಣಗಾದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಆವತ್ತಿನಿಂದ ನಾನು ಒಬ್ಬನೇ ಹೊರಟಿಲ್ಲ. ಬಾಮೈದನನ್ನು ಎಬ್ಬಿಸಿಕೊಂಡು ಹೋಗುತ್ತೇನೆ. ಅವನು ಜೊತೆಗಿದ್ದರೆ ಅತ್ತೆಗೆ ಬೇಜಾರಿಲ್ಲ. ಅಳಿಯ ಮನೆಯ ಊಟ ಬಿಟ್ಟು ಹೋದ ಅಂತ ಆಗುವುದಿಲ್ಲ, ಮಗ ಭಾವನಿಗೆ ಊರು ತೋರಿಸಿಕೊಂಡು ಬಂದ ಅಂತ ಆಗುತ್ತದೆ. ಅವನು ನನ್ನನ್ನು ಕರೆಯುವುದು 'ಮಾಮಾ' ಅಂತ. ನಮ್ಮ ಕಡೆ ಅದು ಸೋದರಮಾವನಿಗೆ ಹೇಳುವ ಮಾತು, ಹಾಗಾಗಿ ಒಂದು ವರ್ಷ ಕರೆದಾಗಲೆಲ್ಲ ಹಿಂದೆ ತಿರುಗಿ ನೋಡಿದ್ದೇನೆ. ಇನ್ನೊಂದು ವಿಷಯ, ಬಿಲ್ ಕೊಡುವ ಆಸೆ ಬಿಟ್ಟುಬಿಡಿ. ನೀವು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವನು ಕೊಟ್ಟಾಗಿರುತ್ತದೆ.

ಈಗ ಜಾಗದ ವಿಚಾರ. ತೀನ್ ಕಂದೀಲ್ ಅಂತ ಹಳೇ ಊರಿನ ನಡುವೆ ಒಂದು ಸರ್ಕಲ್ ಇದೆ. ಮೂರು ಲಾಂದ್ರ ಅಂತ ಅರ್ಥ. ಅಲ್ಲಿಂದ ಯಾವ ಗಲ್ಲಿಗೆ ಹೊಕ್ಕರೂ ತಿನ್ನಲು ಏನೋ ಒಂದು ಸಿಗುತ್ತದೆ. ಬೆಳಿಗ್ಗೆ ಏಳೂವರೆಗೆ ಅಲ್ಲಿರಿ. ಕೇಳಬೇಕಾದ್ದು ಒಗ್ಗರಣೆ-ಮಿರ್ಚಿ. ಒಗ್ಗರಣೆ ಅಂದರೆ ಇಲ್ಲಿ ಸಾಸಿವೆ ಸಿಡಿಸುವುದು ಮಾತ್ರ ಅಲ್ಲ, ಅದು ತಿಂಡಿಯ ಹೆಸರೇ. ಮಂಡಾಳಿನಲ್ಲಿ ಮಾಡುತ್ತಾರೆ, ಅಂದರೆ ನಮ್ಮ ಪುರಿ.

ನಾವು ಹೋಗುವ ಅಂಗಡಿಗೆ ಬೋರ್ಡೇ ಇಲ್ಲ. ಗಂಡ ಬಾಣಲೆ ಮುಂದೆ, ಹೆಂಡತಿ ಬಕೆಟ್ ಮುಂದೆ. ಆಕೆ ಮಂಡಾಳನ್ನು ನೀರಿಗೆ ಸುರಿದು, ಒಂದು ಸಲ ಅದುಮಿ, ಕೂಡಲೇ ಎತ್ತಿ ಎರಡು ಅಂಗೈ ನಡುವೆ ಹಿಂಡುತ್ತಾರೆ. ಇನ್ನೊಂಚೂರು ಬಿಟ್ಟರೆ ಗಂಜಿ. ಅದು ಸೀದಾ ಬಾಣಲೆಗೆ ಹೋಗುತ್ತದೆ. ಅಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ ಆಗಲೇ ಬೆಂದಿರುತ್ತವೆ. ಮೇಲೆ ಒಂದು ಹಿಡಿ ಪುಟಾಣಿ ಪುಡಿ, ಅಂದರೆ ನಮ್ಮ ಹುರಿಗಡಲೆ ಪುಡಿ. ಆ ಪುಡಿಯೇ ಪ್ರಾಣ, ಒದ್ದೆ ಹೀರಿಕೊಂಡು ಒಂದೊಂದು ಕಾಳಿಗೂ ಅಂಟಿಕೊಳ್ಳುತ್ತದೆ. ಪಕ್ಕದ ಎಣ್ಣೆಯಿಂದ ಮಿರ್ಚಿ ಏಳುತ್ತಿರುತ್ತದೆ. ಉದ್ದ ಮೆಣಸಿನಕಾಯಿ ಸೀಳಿ, ಒಳಗೆ ಉಪ್ಪು-ಅಜವಾನ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿದ್ದು. ಒಂದು ಕಚ್ಚು ಮಿರ್ಚಿ, ಒಂದು ಚಮಚ ಒಗ್ಗರಣೆ, ಹೀಗೇ ಸಾಗಬೇಕು. ಬೆಳಿಗ್ಗೆ ಬೆಳಿಗ್ಗೆ ಬಜ್ಜಿ ತಿನ್ನುವುದಾ ಅಂತ ನಾನೂ ಮೂಗು ಮುರಿದಿದ್ದೆ. ಈಗ ಎರಡು ತಿಂದಮೇಲೆ ಮೂರನೆಯದರ ಬಗ್ಗೆ ಯೋಚಿಸುತ್ತೇನೆ. ಅಷ್ಟು ಹೊತ್ತಿಗೆ ಬಾಮೈದ ಇನ್ನೊಂದು ಪ್ಲೇಟು ಕಟ್ಟಿಸಿರುತ್ತಾನೆ, ಅತ್ತೆಗೆ. ಹೊರಗಿನದು ಬೇಡ ಅನ್ನುವವರು ಮಿರ್ಚಿ ಮಾತ್ರ ಬಿಡುವುದಿಲ್ಲ!

ಕಾಫಿ ಹುಡುಕಿ ಕಾಲ ಕಳೆಯಬೇಡಿ. ರಾಯಚೂರು ಟೀ ಊರು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಇದು ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಡೆಯ ರುಚಿ ಇನ್ನೂ ಇಲ್ಲೇ ಇದೆ. ಇರಾನಿ ಚಾಯ್ ಕೇಳಿ. ಡಿಕಾಕ್ಷನ್ ಒಂದು ಪಾತ್ರೆಯಲ್ಲಿ ಬಾಯಿ ಮುಚ್ಚಿಕೊಂಡು ಬೇಯುತ್ತಿರುತ್ತದೆ, ಹಾಲು ಬೇರೆ ಕಡೆ ಕುದಿದು ಕುದಿದು ದಪ್ಪಗಾಗಿರುತ್ತದೆ, ಎರಡೂ ಸೇರುವುದು ಕಪ್ಪಿನಲ್ಲಿ. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು, ಅರ್ಧ ಉಪ್ಪು, ಅರ್ಧ ಸಿಹಿ. ಅದ್ದಿದರೆ ಬೇಗ ಬಾಯಿಗೆ ಹಾಕಿಕೊಳ್ಳಿ. ನಾನು ಮೂರು ಕಳೆದುಕೊಂಡಿದ್ದೇನೆ. ಒಂದು ಕಪ್ಪಿಗೆ ಒಂದು ಗಂಟೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ, ನೀವು ಕೇಳಿದ 'ಸುಮ್ನೆ ಕೂರುವ ಜಾಗ' ಇದೇ. ಕನ್ನಡ, ಉರ್ದು, ತೆಲುಗು ಮೂರೂ ಒಂದೇ ಟೇಬಲ್‌ನಲ್ಲಿ ಕೇಳಿಸುತ್ತವೆ. ಮಾತು ಹತ್ತಿ ಬೆಲೆಯಿಂದ ಶುರುವಾದರೂ ರಾಜಕೀಯಕ್ಕೆ ಬಂದೇ ನಿಲ್ಲುತ್ತದೆ.

ಸ್ಟೇಷನ್ ಕಡೆಯೂ ಒಂದು ಸುತ್ತು ಹಾಕಿ. ಮುಂಬೈ ಕಡೆಯಿಂದ ಬಂದ ರೈಲು ದಾರಿ, ಮದ್ರಾಸ್ ಕಡೆಯಿಂದ ಬಂದ ದಾರಿ ಎರಡೂ 1871ರಲ್ಲಿ ಕೂಡಿದ್ದು ಈ ಊರಲ್ಲೇ. ಇಡ್ಲಿ-ವಡೆಗೆ ಆ ಕಡೆ ಪರವಾಗಿಲ್ಲ, ಅಷ್ಟೇ.

ಮಧ್ಯಾಹ್ನಕ್ಕೆ ಖಾನಾವಳಿ. ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ. ಆದರೆ ನಿಜ ಹೇಳಬೇಕೆಂದರೆ ನಿಮ್ಮ ಅತ್ತೆ ಇದನ್ನೆಲ್ಲ ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ. ಮಧ್ಯಾಹ್ನ ಮನೆಯಲ್ಲೇ ಇರಿ. ಬಿರಿಯಾನಿ ತಿನ್ನುವವರಾದರೆ ಸಂಜೆ ತಿರುಗಿ ತೀನ್ ಕಂದೀಲ್‌ಗೇ ಬನ್ನಿ. ನಾನು ತಿನ್ನುವುದಿಲ್ಲ, ಅದರಲ್ಲಿ ಬಾಯಿ ಹಾಕುವುದೂ ಇಲ್ಲ. ಮುಂದೆ ಯಾವಾಗಲಾದರೂ ಏಪ್ರಿಲ್-ಮೇ ತಿಂಗಳಲ್ಲಿ ಹೋದರೆ ಈ ತಿರುಗಾಟವೆಲ್ಲ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಬಿಸಿಲು 40 ಡಿಗ್ರಿ ದಾಟುತ್ತದೆ.

ತಿಂದದ್ದು ಕರಗಬೇಕಾದರೆ ಕೋಟೆಗೆ ಹೋಗಿ. ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ, ಮೇಲೆ 1294ರ ಶಾಸನ. ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಬಾಮೈದ ಇಷ್ಟು ವರ್ಷ ಆ ಊರಲ್ಲಿದ್ದು ಆ ಚಿತ್ರ ನೋಡಿರಲಿಲ್ಲ, ನಾನೇ ತೋರಿಸಿದೆ.

ಕಾಫಿ ಪುಡಿ ಮಾತ್ರ ಮರೆಯದೆ ಮನೆಯಿಂದ ತೆಗೆದುಕೊಂಡು ಹೋಗಿ. ನಾನು ಒಂದು ಸ್ಟೀಲ್ ಫಿಲ್ಟರನ್ನೇ ಅಲ್ಲಿ ಇಟ್ಟು ಬಂದಿದ್ದೇನೆ. ಈಗ ನಾವು ಹೋದ ದಿನ ಅತ್ತೆಯೇ ಡಿಕಾಕ್ಷನ್ ಇಳಿಸಿಟ್ಟಿರುತ್ತಾರೆ. ಮಾವ ಮಾತ್ರ ಒಂದು ಗುಟುಕು ಕುಡಿದು, "ಛಲೋ ಐತ್ರಿ" ಅಂದು, ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ತೀನ್ ಕಂದೀಲ್ ಕಡೆ ಹೊರಟುಬಿಡುತ್ತಾರೆ.