ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು

ಪ್ರಶ್ನೆ: ಹುನಗುಂದದ ಹತ್ತಿರ ಗುಡ್ಡದಲ್ಲಿ ಕೆಂಪು, ಕಪ್ಪು ಪಟ್ಟೆಯ ಕಲ್ಲು ಸಿಕ್ಕಿತು. ಇಳಕಲ್ ಸೀರೆಯ ದಡಿ ಇದ್ದ ಹಾಗಿದೆ. ಪಟ್ಟೆ ಹೇಗೆ ಬಂತು ಸರ್?
- ಓದುಗ, ಬಾಗಲಕೋಟೆ

ಉತ್ತರ: ಎತ್ತಿದಾಗ ಗಾತ್ರಕ್ಕಿಂತ ಭಾರ ಜಾಸ್ತಿ ಅನಿಸಿತು ಅಲ್ವಾ? ಹಾಗಿದ್ದರೆ ಕಪ್ಪು ಪಟ್ಟೆ ಕಬ್ಬಿಣದ್ದು, ಕೆಂಪು ಪಟ್ಟೆ ಬೆಣಚುಕಲ್ಲಿನ ಜಾತಿ. ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿದರೆ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರು ಇದೆ. ಇಂಥ ಕಲ್ಲುಗಳಲ್ಲಿ ಹೆಚ್ಚಿನವು 180 ಕೋಟಿ ವರ್ಷಕ್ಕಿಂತ ಹಳೆಯವು. ಆಗಿನ ಸಮುದ್ರದಲ್ಲಿ ಆಮ್ಲಜನಕ ಇರಲಿಲ್ಲ ಅನ್ನುವಷ್ಟು ಕಡಿಮೆ, ಅದಕ್ಕೇ ತಳದ ಬಿಸಿ ಬುಗ್ಗೆಗಳಿಂದ ಬಂದ ಕಬ್ಬಿಣ ನೀರಲ್ಲಿ ಉಪ್ಪಿನ ಹಾಗೆ ಕರಗಿಯೇ ಇರುತ್ತಿತ್ತು. ಸೂಕ್ಷ್ಮಜೀವಿಗಳು ಬಿಸಿಲು ಬಳಸಿ ಆಮ್ಲಜನಕ ಬಿಡತೊಡಗಿದ ಮೇಲೆ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು. ಆಮ್ಲಜನಕ ಇಲ್ಲದೆಯೂ ಕೆಲವು ಬ್ಯಾಕ್ಟೀರಿಯಾ ಕಬ್ಬಿಣವನ್ನು ತುಕ್ಕಾಗಿಸುವ ಈ ಕೆಲಸ ಮಾಡುತ್ತವೆ. ಪಟ್ಟೆ ಯಾಕೆ ಅನ್ನುವುದರಲ್ಲಿ ಮಾತ್ರ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ: ಋತು ಬದಲಾದದ್ದು ಅಂತಾರೆ ಕೆಲವರು, ಬುಗ್ಗೆಗಳ ಏರಿಳಿತ ಅಂತಾರೆ ಇನ್ನು ಕೆಲವರು.