ಗ್ಯಾರೇಜ್ ಪ್ರಶ್ನೋತ್ತರ: ಹಳೆಯ ಜಿಎಂಸಿ ಮೋಟರ್‌ಹೋಮಿನ ಗಾಳಿ ಕಂಪ್ರೆಸರ್

ಅಮೆರಿಕದಲ್ಲಿರುವ ಓದುಗರು ಈ ಸಲ ಕಳಿಸಿದ ಪತ್ರಗಳು ಹೆಚ್ಚುಕಡಿಮೆ ಒಂದೇ ಗಾಡಿಯ ಬಗ್ಗೆ ಇವೆ. ಜನರಲ್ ಮೋಟರ್ಸ್ ಕಂಪನಿ 1973ರಿಂದ 1978ರವರೆಗೆ ಮಿಶಿಗನ್‌ನ ಪಾಂಟಿಯಾಕ್‌ನಲ್ಲಿ ತಯಾರಿಸಿದ, ಒಳಗೇ ವಾಸಿಸಬಹುದಾದ ಮನೆಗಾಡಿ ಜಿಎಂಸಿ ಮೋಟರ್‌ಹೋಮ್ ಅದು. ಮುಂದಿನ ಚಕ್ರಗಳೇ ಎಳೆಯುವ ಈ ಗಾಡಿಗೆ ಹಿಂದೆ ಅಡ್ಡ ಆಕ್ಸಲ್ಲೇ ಇಲ್ಲ. ಪ್ರತಿ ಬದಿಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ಚಕ್ರ, ಆ ಎರಡು ಚಕ್ರಗಳ ತೋಳುಗಳ ನಡುವೆ ಒಂದು ರಬ್ಬರ್ ಏರ್‌ಬ್ಯಾಗ್. ನೆಲಮಟ್ಟ ಅಷ್ಟು ತಗ್ಗಿನಲ್ಲಿರುವುದು ಇದರಿಂದಲೇ. ಮುಂಭಾಗ ನಿಂತಿರುವುದು ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಮೇಲೆ, ಅಲ್ಲಿ ಗಾಳಿಯ ಕೆಲಸವಿಲ್ಲ. ಹಿಂದಿನ ಬ್ಯಾಗುಗಳಿಗೆ ಗಾಳಿ ಕೊಡುವುದು 12 ವೋಲ್ಟಿನ ಸಣ್ಣ ಕಂಪ್ರೆಸರ್.

ಪ್ರಶ್ನೆ: ನನ್ನದು 1976ರ 26 ಅಡಿಯ ಗಾಡಿ. ರಾತ್ರಿ ನಿಲ್ಲಿಸಿದ ಮೇಲೂ ಹತ್ತು ನಿಮಿಷಕ್ಕೊಮ್ಮೆ ಕಂಪ್ರೆಸರ್ ಓಡುತ್ತದೆ, ಬೆಳಿಗ್ಗೆ ಬ್ಯಾಟರಿ ಸೋತಿರುತ್ತದೆ. ಹಿಂದಿನ ಮಾಲೀಕರು 5 ಗ್ಯಾಲನ್ ಗಾಳಿ ಟ್ಯಾಂಕ್ ಹಾಕಿಸಿದ್ದಾರೆ. ಪ್ರೆಶರ್ ಸ್ವಿಚ್ 90 ಪಿಎಸ್‌ಐಗೆ (ಒತ್ತಡದ ಅಳತೆ) ಆನ್, 120ಕ್ಕೆ ಆಫ್. ಹೊಸ ಕಂಪ್ರೆಸರ್ ಹಾಕಿದರೆ ಸರಿಹೋದೀತೇ?
— ಓದುಗರು, ಟ್ಯೂಸಾನ್, ಅರಿಜೋನಾ

ಉತ್ತರ: ಸರಿಹೋಗುವುದಿಲ್ಲ. ಹೊಸದೂ ಇದೇ ರೀತಿ ಓಡಿ ಓಡಿ ಬೇಗ ಸವೆಯುತ್ತದೆ. ಈ ಗಾಡಿಗಳಲ್ಲಿ ಕಂಪ್ರೆಸರ್ ತಾನಾಗಿ ಕೆಡುವುದಕ್ಕಿಂತ ಸೋರಿಕೆಯಿಂದ ಕೆಡುವುದೇ ಹೆಚ್ಚು.

ನೀವು ಕೊಟ್ಟ ಅಂಕಿಗಳಿಂದಲೇ ಲೆಕ್ಕ ಹಾಕೋಣ. 5 ಗ್ಯಾಲನ್ ಅಂದರೆ ಸುಮಾರು 19 ಲೀಟರ್. ಟ್ಯಾಂಕು 120ರಿಂದ 90ಕ್ಕೆ ಇಳಿಯುವಷ್ಟರಲ್ಲಿ ಹೊರಗಿನ ಗಾಳಿಯ ಲೆಕ್ಕದಲ್ಲಿ 39 ಲೀಟರ್ ಖಾಲಿಯಾಗಿರುತ್ತದೆ. ಹತ್ತು ನಿಮಿಷಕ್ಕೆ ಅಷ್ಟು ಹೋದರೆ ನಿಮಿಷಕ್ಕೆ ಸುಮಾರು 4 ಲೀಟರ್ ಸೋರುತ್ತಿದೆ ಎಂದಾಯಿತು. ಅದನ್ನು ತುಂಬಲು ಕಂಪ್ರೆಸರ್ ಪ್ರತಿ ಸಲ ಒಂದೂವರೆ ನಿಮಿಷ ಓಡಿದರೂ ರಾತ್ರಿಯ ಎಂಟು ಗಂಟೆಯಲ್ಲಿ ಒಟ್ಟು ಒಂದು ಗಂಟೆ ಓಡಿದ ಹಾಗಾಯಿತು. 20 ಆಂಪಿಯರ್ ಎಳೆಯುವ ಮೋಟರಾದರೆ ಬ್ಯಾಟರಿಯಿಂದ 20 ಆಂಪಿಯರ್-ಅವರ್ ಹೋಯಿತು. ಸೋತ ಬ್ಯಾಟರಿಯ ಕಾರಣ ಅದೇ.

ಸೋರಿಕೆ ಹುಡುಕಲು ಪಾತ್ರೆ ತೊಳೆಯುವ ದ್ರವ ಒಂದು ಪಾಲು, ನೀರು ಹತ್ತು ಪಾಲು ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿಕೊಳ್ಳಿ. ಟ್ಯಾಂಕ್ ಪೂರ್ತಿ ತುಂಬಿಸಿ, ಕಂಪ್ರೆಸರ್‌ನ ಫ್ಯೂಸ್ ತೆಗೆದಿಟ್ಟು, ಒಂದೊಂದು ಜೋಡಣೆಗೂ ಸಿಂಪಡಿಸಿ. ದೊಡ್ಡ ಸೋರಿಕೆಯಾದರೆ ನೊರೆ ತಕ್ಷಣ ಉಕ್ಕುತ್ತದೆ. ಸಣ್ಣದಾದರೆ ಅರ್ಧ ನಿಮಿಷ ಕಾಯಬೇಕು. ಆಗ ನಟ್ಟಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಗುಳ್ಳೆಗಳು ಒಂದರ ಪಕ್ಕ ಒಂದು ಏಳುತ್ತವೆ. ಸಿಂಪಡಿಸಿದ ಕೂಡಲೇ ಮುಂದಿನ ಜಾಗಕ್ಕೆ ಹೋದರೆ ಇವು ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ನೋಡಬೇಕಾದ್ದು ನೈಲಾನ್ ಟ್ಯೂಬಿನ ತುದಿಗಳನ್ನು. ಕತ್ತರಿಯಿಂದಲೋ ಸೈಡ್ ಕಟರ್‌ನಿಂದಲೋ ಕತ್ತರಿಸಿದ ಟ್ಯೂಬಿನ ಬಾಯಿ ಓರೆಯಾಗಿರುತ್ತದೆ, ಇಲ್ಲವೇ ಚಪ್ಪಟೆಯಾಗಿರುತ್ತದೆ. ಪುಶ್ ಫಿಟ್ಟಿಂಗಿನ ಒಳಗಿನ ಓ-ರಿಂಗ್ ಅದರ ಮೇಲೆ ಸಮನಾಗಿ ಕೂರುವುದಿಲ್ಲ. ಟ್ಯೂಬ್ ಕಟರ್‌ನಿಂದ ನೇರವಾಗಿ ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಆಮೇಲೆ ಟ್ಯಾಂಕಿನ ಅಡಿಯ ಡ್ರೇನ್ ವಾಲ್ವ್ ಮತ್ತು ಪ್ರೆಶರ್ ಸ್ವಿಚ್‌ನ ಬುಡ. ಎತ್ತರ ಕಾಯುವ ಹೈಟ್ ವಾಲ್ವ್ ಇದ್ದರೆ ಅದರ ಗಾಳಿ ಬಿಡುವ ರಂಧ್ರಕ್ಕೂ ನೊರೆ ಹಚ್ಚಿ. ಗಾಡಿ ಅಲುಗಾಡದೆ ನಿಂತಿರುವಾಗಲೂ ಅಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ವಾಲ್ವಿನ ಸೀಟು ಸವೆದಿದೆ.

ಬಹಳ ಜನ ಬಿಟ್ಟುಬಿಡುವ ಜಾಗ ಚೆಕ್ ವಾಲ್ವ್, ಅಂದರೆ ಟ್ಯಾಂಕಿನ ಗಾಳಿ ಕಂಪ್ರೆಸರಿಗೆ ಹಿಂತಿರುಗದಂತೆ ತಡೆಯುವ ವಾಲ್ವ್. ಕಂಪ್ರೆಸರ್ ನಿಂತಿರುವಾಗ ಅದು ಗಾಳಿ ಎಳೆದುಕೊಳ್ಳುವ ಬಾಯಿಯ ಫಿಲ್ಟರ್ ಬಿಚ್ಚಿ, ಅಲ್ಲಿ ಸೋಪಿನ ತೆಳು ಪರದೆ ಹಿಡಿಸಿ ನೋಡಿ. ಪರದೆ ಹೊರಕ್ಕೆ ಉಬ್ಬಿದರೆ ಟ್ಯಾಂಕಿನ ಗಾಳಿ ಚೆಕ್ ವಾಲ್ವ್ ದಾಟಿ ಹಿಂದಕ್ಕೆ ಬರುತ್ತಿದೆ.

ರಾತ್ರಿಯಿಡೀ ಗೇಜು ನೋಡಿ ಪರೀಕ್ಷೆ ಮಾಡುವವರು ಹವೆಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ನಿಮ್ಮ ಮರುಭೂಮಿಯಲ್ಲಿ ಹಗಲಿಗೂ ರಾತ್ರಿಗೂ ಬಹಳ ಅಂತರ. ಸಂಜೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಪಿಎಸ್‌ಐ ಇದ್ದ ಟ್ಯಾಂಕು ಬೆಳಿಗ್ಗೆ 10 ಡಿಗ್ರಿಗೆ ಇಳಿದರೆ, ಒಂದು ಚೂರೂ ಸೋರದಿದ್ದರೂ ಗೇಜು ಸುಮಾರು 92 ತೋರಿಸುತ್ತದೆ. ಅಷ್ಟಕ್ಕೆ ಗಾಬರಿಯಾಗಬೇಡಿ.

ಪ್ರಶ್ನೆ: ನಮ್ಮ ಗಾಡಿಯ ಕಂಪ್ರೆಸರ್ ಕೆಲವೊಮ್ಮೆ ಗುಂಯ್ ಅಂದು ನಿಂತುಬಿಡುತ್ತದೆ, ಫ್ಯೂಸ್ ಹಾರುತ್ತದೆ. ಓಡಿದರೂ 70 ಪಿಎಸ್‌ಐ ದಾಟಲು ಒದ್ದಾಡುತ್ತದೆ. ಬದಲಾಯಿಸುವುದೆಂದು ನಿರ್ಧರಿಸಿದ್ದೇವೆ. ಯಾವ ಅಳತೆಯದು ತರಬೇಕು, ತಂತಿ ಎಷ್ಟು ದಪ್ಪ ಇರಬೇಕು?
— ಓದುಗರು, ಟ್ರಾಯ್, ಮಿಶಿಗನ್

ಉತ್ತರ: ಖರೀದಿಗೆ ಮುಂಚೆ ಎರಡು ಪರೀಕ್ಷೆ ಮಾಡಿ. ಟ್ಯಾಂಕ್ ಖಾಲಿಯಿರುವಾಗ ಸುಲಭವಾಗಿ ಶುರುವಾಗಿ, ಟ್ಯಾಂಕ್ ಅರ್ಧ ತುಂಬಿರುವಾಗ ಗುಂಯ್ಗುಟ್ಟಿ ನಿಂತರೆ ಮೇಲೆ ಹೇಳಿದ ಚೆಕ್ ವಾಲ್ವೇ ಕಳ್ಳ. ಪಿಸ್ಟನ್ ತಲೆಯ ಮೇಲೆ ಟ್ಯಾಂಕಿನ ಒತ್ತಡ ಕೂತಿದ್ದರೆ ಆ ಪುಟ್ಟ ಮೋಟರಿಗೆ ಮೊದಲ ಸುತ್ತು ತಿರುಗುವ ಶಕ್ತಿ ಇರುವುದಿಲ್ಲ. ಎರಡನೆಯದು, ಓಡುತ್ತಿರುವಾಗ ಮೋಟರಿನ ಟರ್ಮಿನಲ್‌ಗಳಲ್ಲೇ ಮಲ್ಟಿಮೀಟರ್ ಇಡಿ. ಬ್ಯಾಟರಿಯಲ್ಲಿ 12.6 ಇದ್ದು ಇಲ್ಲಿ 11ಕ್ಕಿಂತ ಕಡಿಮೆ ತೋರಿಸಿದರೆ ತಪ್ಪು ತಂತಿಯದೋ ಅರ್ಥಿಂಗ್‌ನದೋ. ಅರ್ಧ ಶತಮಾನದ ಚಾಸಿಯಲ್ಲಿ ತುಕ್ಕು ಹಿಡಿದ ಬೋಲ್ಟಿಗೆ ಕಟ್ಟಿದ ಅರ್ಥಿಂಗನ್ನು ನಂಬಬೇಡಿ. ಬ್ಯಾಟರಿಯ ನೆಗೆಟಿವ್‌ನಿಂದ ನೇರವಾಗಿ ಒಂದು ತಂತಿ ಎಳೆಯಿರಿ.

ಎರಡೂ ಸರಿಯಿದ್ದು ಒತ್ತಡ ಮಾತ್ರ ಏರದಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಅಥವಾ ತಲೆಯೊಳಗಿನ ರೀಡ್ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು. ತಲೆ ಬಿಚ್ಚಿ ತೆಳು ಉಕ್ಕಿನ ಆ ಪಟ್ಟಿಗಳನ್ನು ಒರೆಸಿ ನೋಡಿ. ಬಿರುಕಿಲ್ಲದೆ ಮಟ್ಟವಾಗಿ ಕೂರುತ್ತಿದ್ದರೆ ಕಂಪ್ರೆಸರ್ ಮತ್ತೆ ಎದ್ದೀತು. ಎಣ್ಣೆ ಮಾತ್ರ ಬಿಡಬೇಡಿ. ಇವು ಎಣ್ಣೆಯಿಲ್ಲದೆ ಓಡಲೆಂದೇ ಮಾಡಿದ ಯಂತ್ರಗಳು. ಬಿಟ್ಟ ಎಣ್ಣೆ ಧೂಳಿನೊಂದಿಗೆ ಸೇರಿ ಗಸಿಯಾಗುತ್ತದೆ, ಗಾಳಿಯ ಜೊತೆ ಹೋಗಿ ಮುಂದಿನ ವಾಲ್ವುಗಳಿಗೂ ಮೆತ್ತಿಕೊಳ್ಳುತ್ತದೆ.

ಸಿಲಿಂಡರ್ ಗೋಡೆಯಲ್ಲಿ ಉಗುರಿಗೆ ತಾಗುವಂಥ ಗೀರು ಕಂಡರೆ ಹೊಸದೇ ಬೇಕು. 12 ವೋಲ್ಟ್, ಎಣ್ಣೆಯಿಲ್ಲದ ಜಾತಿ, ಗರಿಷ್ಠ ಒತ್ತಡ ಕನಿಷ್ಠ 150 ಪಿಎಸ್‌ಐ, ಮತ್ತು ಮುಖ್ಯವಾಗಿ 100 ಪಿಎಸ್‌ಐನಲ್ಲಿ 100 ಶೇಕಡಾ ಡ್ಯೂಟಿ ಸೈಕಲ್ ಇರುವುದನ್ನು ತನ್ನಿ. ಡ್ಯೂಟಿ ಸೈಕಲ್ 33 ಶೇಕಡಾ ಎಂದು ಬರೆದಿದ್ದರೆ 10 ನಿಮಿಷ ಓಡಿದ ಮೇಲೆ 20 ನಿಮಿಷ ಬಿಡುವು ಕೊಡಬೇಕು ಎಂದರ್ಥ. ಟೈರಿಗೆ ಗಾಳಿ ಹಾಕಲು ಅದು ಸಾಕು, ಮನೆ ಹೊತ್ತ ಗಾಡಿಗೆ ಸಾಲದು. ಹೆಚ್ಚು ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ) ಬೇಕೆಂದು ದೊಡ್ಡದರ ಹಿಂದೆ ಹೋಗಬೇಡಿ. ಗಾಡಿ ಮೇಲೇಳಲು ಎರಡು ನಿಮಿಷ ಹೆಚ್ಚಾದರೆ ನಷ್ಟವೇನೂ ಇಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ಬರಿಯ ಏರ್‌ಬ್ಯಾಗಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಗ್ಗಬೇಡಿ. ಒಂದು ಟ್ಯೂಬ್ ಕಳಚಿದರೆ ಹಿಂಭಾಗ ಪೂರ್ತಿ ಕುಸಿಯುತ್ತದೆ, ಚಕ್ರಕ್ಕೂ ಬಾಡಿಗೂ ನಡುವೆ ಕೈ ಹಿಡಿಸುವ ಜಾಗವೂ ಉಳಿಯುವುದಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದರೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ಮುಂದಿನ ಎರಡೂ ಚಕ್ರಗಳ ಹಿಂದೆ ಮುಂದೆ ದಿಮ್ಮಿ ಅಡ್ಡ ಕೊಟ್ಟು, ಫ್ರೇಮಿನ ಉಕ್ಕಿನ ಕೆಳಗೆ ಎರಡೂ ಬದಿ ಜಾಕ್ ಸ್ಟ್ಯಾಂಡ್ ಇಟ್ಟು, ಬ್ಯಾಟರಿ ಬಿಚ್ಚಿ, ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟ ಮೇಲೆ ಸ್ಪ್ಯಾನರ್ ಹಿಡಿಯಿರಿ.

ಕೂರಿಸುವಾಗ ರಬ್ಬರ್ ಬುಶ್ ಬಿಡಬೇಡಿ. ಇಲ್ಲದಿದ್ದರೆ ಸದ್ದು ಇಡೀ ನೆಲಕ್ಕೆ ಹಬ್ಬುತ್ತದೆ. ಎಗ್ಸಾಸ್ಟ್ ಪೈಪಿನ ಬಿಸಿಯಿಂದ ದೂರ, ಚಕ್ರದ ನೀರು ಎರಚದ ಜಾಗ ಆರಿಸಿ, ಫಿಲ್ಟರನ್ನು ಮಾತ್ರ ಒಂದು ಹೋಸ್ ಹಾಕಿ ಒಣಗಿದ ಜಾಗಕ್ಕೆ ಎತ್ತಿ ಕಟ್ಟಿ. ಕಂಪ್ರೆಸರ್ ಜೊತೆ ಬರುವ ಲೋಹದ ಹೆಣಿಗೆಯ ಹೋಸ್ ಉದ್ದವಾಯಿತೆಂದು ತೆಗೆದು ನೈಲಾನ್ ಟ್ಯೂಬನ್ನೇ ನೇರವಾಗಿ ಸಿಕ್ಕಿಸಬೇಡಿ. ತಲೆಯಿಂದ ಹೊರಬರುವ ಗಾಳಿ ನೈಲಾನನ್ನು ಮೆತ್ತಗೆ ಮಾಡುವಷ್ಟು ಬಿಸಿಯಿರುತ್ತದೆ. ಆ ಹೋಸಿನುದ್ದಕ್ಕೂ ಅದು ತಣಿಯಬೇಕು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವುದಾದರೆ ತುದಿಯ ಎರಡು ಸುತ್ತು ಬಿಟ್ಟು ಸುತ್ತಿ. ಹರಿದ ಟೇಪಿನ ಚೂರು ವಾಲ್ವಿನ ಬಾಯಿಗೆ ಕೂತರೆ ಅಲ್ಲಿಂದ ಹೊಸ ಸೋರಿಕೆ ಶುರು. ದ್ರವ ಸೀಲಂಟ್ ಆದರೆ ಆ ಭಯವಿಲ್ಲ.

ತಂತಿಯ ವಿಷಯ. ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. ಹೋಗಿ ಬರುವ ಒಟ್ಟು ಉದ್ದ 10 ಮೀಟರ್, ಕರೆಂಟ್ 25 ಆಂಪಿಯರ್ ಎಂದಿಟ್ಟುಕೊಂಡರೆ 14 ಗೇಜ್ ತಂತಿಯಲ್ಲಿ ಸುಮಾರು 2 ವೋಲ್ಟ್ ನಷ್ಟ, 10 ಗೇಜ್‌ನಲ್ಲಿ 0.8 ವೋಲ್ಟ್. ಆದ್ದರಿಂದ 10 ಗೇಜ್, ಇನ್ನೂ ದೂರವಿದ್ದರೆ 8. ಮೋಟರ್ ಎಳೆಯುವುದು 25ಕ್ಕಿಂತ ಕಡಿಮೆಯಿದ್ದರೆ 30 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ. ಪ್ರೆಶರ್ ಸ್ವಿಚ್ ಮೂಲಕ ಮೋಟರಿನ ಕರೆಂಟ್ ಹರಿಸಬೇಡಿ, ಅದರ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಸ್ವಿಚ್ 40 ಆಂಪಿಯರ್ ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ) ನಡೆಸಲಿ, ರಿಲೇ ಮೋಟರನ್ನು ನಡೆಸಲಿ. ರಿಲೇ ಕಾಯಿಲ್‌ಗೆ ಒಂದು 1ಎನ್4007 ಡಯೋಡನ್ನು ಪಟ್ಟಿಯಿರುವ ತುದಿ ಪಾಸಿಟಿವ್ ಕಡೆಗೆ ಬರುವಂತೆ ಸೇರಿಸಿದರೆ ಸ್ವಿಚ್ ಬಾಳಿಕೆ ಬರುತ್ತದೆ. ಟ್ಯಾಂಕಿಗೆ ಸೇಫ್ಟಿ ವಾಲ್ವ್ ಕಡ್ಡಾಯ. ಅದು ತೆರೆಯುವ ಒತ್ತಡ ಸ್ವಿಚ್ ಆಫ್ ಆಗುವುದಕ್ಕಿಂತ ಮೇಲೆ, ಟ್ಯಾಂಕಿನ ಮೇಲೆ ಮುದ್ರಿಸಿದ ಮಿತಿಯೊಳಗೆ ಇರಬೇಕು.

ಎಲ್ಲ ಮುಗಿದ ಮೇಲೆ ಸೊನ್ನೆಯಿಂದ 100 ಪಿಎಸ್‌ಐ ಏರಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದು ಟ್ಯಾಂಕಿಗೇ ಅಂಟಿಸಿ. ಮುಂದೊಂದು ದಿನ ಅದು ಒಂದೂವರೆ ಪಟ್ಟಾದರೆ ರಿಂಗ್ ಸವೆದಿದೆ ಎಂದು ತಿಳಿಯಿರಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣನ ಬಳಿ ಈ ಗಾಡಿ ಇದೆ. ನಮ್ಮ ವೋಲ್ವೋ ಬಸ್ಸುಗಳಲ್ಲೂ ಏರ್ ಸಸ್ಪೆನ್ಶನ್ ಇದೆಯಲ್ಲ, ಆ ಕಂಪ್ರೆಸರ್ ಹಾಕಿಸಬಹುದೇ?
— ಓದುಗರು, ಹೊಸಕೋಟೆ

ಉತ್ತರ: ಬೇಡ. ಬಸ್ಸಿನದು ಎಂಜಿನ್ನೇ ತಿರುಗಿಸುವ, ಎಂಜಿನ್ ಆಯಿಲ್ ಕುಡಿಯುವ ದೊಡ್ಡ ಕಂಪ್ರೆಸರ್. ಅಲ್ಲಿ ಬ್ರೇಕಿಗೂ ಬಾಗಿಲಿಗೂ ಗಾಳಿಯೇ ಬೇಕು. ಜಿಎಂಸಿಯ ಬ್ರೇಕ್ ಹೈಡ್ರಾಲಿಕ್, ಗಾಳಿ ಬೇಕಾಗಿರುವುದು ಎರಡು ಬ್ಯಾಗಿಗೆ ಮಾತ್ರ. ಎಂಜಿನ್ ಆಫ್ ಮಾಡಿ ಕ್ಯಾಂಪಿನಲ್ಲಿ ಗಾಡಿ ಮಟ್ಟ ಮಾಡಬೇಕಾದಾಗ ಬಸ್ಸಿನ ಕಂಪ್ರೆಸರ್ ಕೆಲಸಕ್ಕೆ ಬರುವುದೂ ಇಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಹಿಂಭಾಗ ಏರುವುದೇ ಇಲ್ಲ, ಬಿಸಿಲು ಬಂದ ಮೇಲೆ ತಾನಾಗಿ ಸರಿಯಾಗುತ್ತದೆ.
— ಓದುಗರು, ಮಿನಿಯಾಪೊಲಿಸ್

ಉತ್ತರ: ಟ್ಯೂಬಿನೊಳಗೆ ನೀರು ಹೆಪ್ಪುಗಟ್ಟುತ್ತಿದೆ. ಗಾಳಿಯನ್ನು ಅದುಮಿ ತಣಿಸಿದಾಗ ಅದರ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ತಿಂಗಳಿಗೊಮ್ಮೆ, ಮಳೆ ಸೆಕೆಯ ದಿನಗಳಲ್ಲಿ ವಾರಕ್ಕೊಮ್ಮೆ ಡ್ರೇನ್ ತೆರೆಯಿರಿ. ತುಕ್ಕಿನ ಬಣ್ಣದ ನೀರು ಬಂದರೆ ಟ್ಯಾಂಕ್ ಒಳಗೆ ಕೊಳೆಯುತ್ತಿದೆ ಎಂದೇ ಅರ್ಥ, ಅದನ್ನು ಬದಲಾಯಿಸಿ. ಚಳಿಗೆ ಮೊದಲು ಟ್ಯಾಂಕಿನ ದಾರಿಯಲ್ಲಿ ಸಿಲಿಕಾ ಜೆಲ್ ಡ್ರೈಯರ್ ಹಾಕಿ, ಕಾಳುಗಳ ಬಣ್ಣ ತಿರುಗಿದಾಗ ಬದಲಾಯಿಸುತ್ತಿರಿ.

ಪ್ರಶ್ನೆ: ಕಂಪ್ರೆಸರ್ ಚೆನ್ನಾಗಿದೆ, ಆದರೆ ಬೆಳಿಗ್ಗೆ ಗಾಡಿ ಎಡಕ್ಕೆ ವಾಲಿರುತ್ತದೆ. ಬ್ಯಾಗ್ ಹೋಗಿದೆಯೋ ವಾಲ್ವ್ ಹೋಗಿದೆಯೋ?
— ಓದುಗರು, ಸ್ಯಾಕ್ರಮೆಂಟೊ

ಉತ್ತರ: ಎಡ ಬ್ಯಾಗನ್ನು ವ್ಯವಸ್ಥೆಯಿಂದ ಬೇರ್ಪಡಿಸಿದರೆ ಉತ್ತರ ಸಿಗುತ್ತದೆ. ಫ್ರೇಮನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಬ್ಯಾಗಿನ ಗಾಳಿ ಬಿಟ್ಟು, ಅದರ ಟ್ಯೂಬ್ ಕಳಚಿ, ಆ ಜಾಗಕ್ಕೆ ಟೈರಿನಂಥದೇ ಒಂದು ಶ್ರೇಡರ್ ವಾಲ್ವ್ ಕೂರಿಸಿ. ಬೇರೆ ಪಂಪಿನಿಂದ ಗಾಳಿ ತುಂಬಿ, ಸ್ಟ್ಯಾಂಡ್ ತೆಗೆದು, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ವಾಲಿದ್ದರೆ ಬ್ಯಾಗೇ ಸೋರುತ್ತಿದೆ. ನಿಂತಿದ್ದರೆ ಟ್ಯೂಬನ್ನೂ ವಾಲ್ವನ್ನೂ ನೋಡಿ. ಬ್ಯಾಗಿನ ಬಿರುಕು ಮಡಿಕೆಯೊಳಗೆ ಅಡಗಿರುತ್ತದೆ, ಗಾಡಿಯನ್ನು ಪೂರ್ತಿ ಏರಿಸಿದಾಗ ಮಾತ್ರ ಕಾಣುತ್ತದೆ. ಒಳಗಿನ ನೂಲು ಕಂಡರೆ ಆ ಬ್ಯಾಗಿನಲ್ಲಿ ಓಡಿಸಬೇಡಿ, ಎರಡೂ ಬದಿಯದನ್ನು ಒಟ್ಟಿಗೇ ಬದಲಾಯಿಸಿ. ಗಾಡಿಗೆ ಜೋಡಿಸದ ಬ್ಯಾಗಿಗೆ ಎಂದೂ ಗಾಳಿ ತುಂಬಬೇಡಿ, ಹಿಡಿದಿಡುವ ತೋಳುಗಳಿಲ್ಲದೆ ಅದು ಸಿಡಿಯಬಹುದು.

ಹೊಸದು ಹಾಕಿದ ಮೇಲೆ ಮಟ್ಟದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳ ಮುಂದೆ ಫ್ರೇಮಿನಲ್ಲಿರುವ ರಂಧ್ರದ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಎರಡೂ ಬದಿ 11-11/16 ಇಂಚು ಬರಬೇಕು. ಹೆಚ್ಚುಕಡಿಮೆ ಇದ್ದರೆ ಹೈಟ್ ವಾಲ್ವಿನ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ಮತ್ತೆ ಅಳೆಯಿರಿ.