ಬರಹಗಾರರಿಗೆ ಸಲಹೆ: ‘ಮುಂಗಡ’ ಎಂದರೆ ಎಷ್ಟು?

ಮಾನ್ಯರೇ,

‘ದಿಗ್ಬಂಧನ ಮುರಿದ ರಾಜ್ಯಗಳು’ ಎಂಬ ನಿಮ್ಮ ಲೇಖನ ಓದಿದೆವು. 1962ರಿಂದ ಕ್ಯೂಬಾ ಮೇಲೆ ವ್ಯಾಪಾರ ನಿರ್ಬಂಧ ಹೇರಿರುವ ವಾಷಿಂಗ್ಟನ್ನಿಗೆ ಅಮೆರಿಕದ ಕೆಲವು ರಾಜ್ಯ ಸರ್ಕಾರಗಳು ಸೆಡ್ಡು ಹೊಡೆದು ಕ್ಯೂಬಾ ಜೊತೆ ವ್ಯಾಪಾರಕ್ಕಿಳಿದವು ಎಂಬುದು ನಿಮ್ಮ ವಾದ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಭಾಷೆಗೆ ಓಟವಿದೆ, ವಿಷಯವೂ ಅಪರೂಪದ್ದು. ಆದರೆ ವಾದವೇ ತಲೆಕೆಳಗಾಗಿದೆ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ. ಅದಕ್ಕಾಗಿಯೇ ಎಲ್ಲೆಲ್ಲಿ ಎಡವಿದ್ದೀರಿ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ನಿಮ್ಮ ಎರಡನೆಯ ಪ್ಯಾರಾದ ಒಂದೇ ವಾಕ್ಯ ಸಾಕು: “1999ರಲ್ಲಿ ಇಲಿನಾಯ್ ರಾಜ್ಯಪಾಲ ಜಾರ್ಜ್ ರಯಾನ್ ಹವಾನಾಕ್ಕೆ ತೆರಳಿ ಜೋಳದ ಒಪ್ಪಂದಕ್ಕೆ ಸಹಿ ಹಾಕಿದರು.” ಇದರಲ್ಲಿ ನಾಲ್ಕು ತಪ್ಪುಗಳಿವೆ.

‘ರಾಜ್ಯಪಾಲ’ ಎಂದರೆ ನಮ್ಮ ಓದುಗರ ಕಣ್ಣಿಗೆ ಕಾಣುವುದು ಕೇಂದ್ರ ನೇಮಿಸಿ ಕಳಿಸಿದ ವ್ಯಕ್ತಿ. ಅಮೆರಿಕದ ಗವರ್ನರ್ ಜನ ಆರಿಸಿದವರು, ರಾಜ್ಯದ ಆಡಳಿತ ನಡೆಸುವವರು. ಪದ ತಪ್ಪಿದರೆ ಇಡೀ ಸನ್ನಿವೇಶ ಕೆಡುತ್ತದೆ: ಕೇಂದ್ರದವರೇ ಕೇಂದ್ರದ ವಿರುದ್ಧ ಹೋದರೇ ಎಂದು ಓದುಗ ತಬ್ಬಿಬ್ಬಾಗುತ್ತಾನೆ. ಗವರ್ನರ್ ಎಂದೇ ಬರೆಯಿರಿ. ಇನ್ನು ‘ಜೋಳ’. ಇಲಿನಾಯ್ ಬೆಳೆಯುವುದು ಮೆಕ್ಕೆಜೋಳ. ಬರೀ ಜೋಳ ಬೇರೆಯೇ ಧಾನ್ಯ.

ಮೂರನೆಯದು ಕಾಲ. ರಯಾನ್ 1999ರ ಅಕ್ಟೋಬರ್‌ನಲ್ಲಿ ಹವಾನಾಕ್ಕೆ ಹೋದದ್ದು ನಿಜ. 1959ರ ಕ್ರಾಂತಿಯ ನಂತರ ಅಧಿಕಾರದಲ್ಲಿದ್ದಾಗಲೇ ಕ್ಯೂಬಾಕ್ಕೆ ಹೋದ ಮೊದಲ ಅಮೆರಿಕನ್ ಗವರ್ನರ್ ಅವರು. ಆದರೆ ಹೋದದ್ದು ಮಾನವೀಯ ನೆರವಿನ ಹೆಸರಿನಲ್ಲಿ. ಕ್ಯೂಬಾದ ಸರ್ಕಾರಿ ಕಂಪನಿಗೆ ಮೆಕ್ಕೆಜೋಳ ಮಾರಲು ಅವಕಾಶ ಕೊಟ್ಟ ಕಾನೂನಿಗೆ ಬಿಲ್ ಕ್ಲಿಂಟನ್ ಸಹಿ ಹಾಕಿದ್ದು 2000ದ ಅಕ್ಟೋಬರ್ 28ರಂದು. ಅದಾದ ಮೇಲೂ ವರ್ಷಕ್ಕೂ ಹೆಚ್ಚು ಕಾಲ ಒಂದು ಕಾಳೂ ಹೋಗಲಿಲ್ಲ. ಸಾಲಕ್ಕೆ ಮಾರುವಂತಿಲ್ಲ ಎಂಬ ಆ ಕಾನೂನಿನ ನಿರ್ಬಂಧಕ್ಕೆ ಸಿಟ್ಟಾಗಿ ಕ್ಯೂಬಾವೇ ಕೊಳ್ಳಲು ಒಪ್ಪಲಿಲ್ಲ. 2001ರ ನವೆಂಬರ್‌ನಲ್ಲಿ ಮಿಶೆಲ್ ಚಂಡಮಾರುತ ದ್ವೀಪವನ್ನು ಜಜ್ಜಿತು. ಅಮೆರಿಕ ನೆರವು ಕೊಡಲು ಮುಂದಾಯಿತು. ದಾನ ಬೇಡ, ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂದಿತು ಕ್ಯೂಬಾ. ಮೊದಲ ಸರಕು ಹವಾನಾ ಮುಟ್ಟಿದ್ದು ಆ ಡಿಸೆಂಬರ್‌ನಲ್ಲಿ. ಇಷ್ಟು ನಾಟಕೀಯ ಘಟನೆಯನ್ನು ಬಿಟ್ಟು ಇಲ್ಲದ ಸಹಿಯೊಂದನ್ನು ಏಕೆ ಕಟ್ಟಿದಿರೋ ತಿಳಿಯದು.

ನಾಲ್ಕನೆಯ ತಪ್ಪು ‘ಒಪ್ಪಂದ’, ಎಲ್ಲಕ್ಕಿಂತ ಆಳದ್ದು. ಎರಡು ದೇಶಗಳ ನಡುವಿನ ಒಡಂಬಡಿಕೆಗೂ ಒಪ್ಪಂದ ಎನ್ನುತ್ತೇವೆ, ವ್ಯಾಪಾರಿಗಳಿಬ್ಬರ ಕರಾರಿಗೂ ಒಪ್ಪಂದ ಎನ್ನುತ್ತೇವೆ. ನಿಮ್ಮ ಇಡೀ ವಾದ ಈ ಬಿರುಕಿನೊಳಗೆ ಬಿದ್ದಿದೆ. ಅಮೆರಿಕದ ಸಂವಿಧಾನದ ಮೊದಲನೆಯ ವಿಧಿಯ 10ನೇ ಸೆಕ್ಷನ್ ಪ್ರಕಾರ ರಾಜ್ಯಗಳು ವಿದೇಶದೊಡನೆ ಒಡಂಬಡಿಕೆ ಮಾಡಿಕೊಳ್ಳುವಂತಿಲ್ಲ. ಸಂಸತ್ತಿನ ಒಪ್ಪಿಗೆಯಿಲ್ಲದೆ ಬೇರೆ ಬಗೆಯ ಕರಾರಿಗೂ ಅವಕಾಶವಿಲ್ಲ. ಗವರ್ನರ್‌ಗಳು ಹವಾನಾದಲ್ಲಿ ಸಹಿ ಹಾಕಿದಾಗ ಅದು ಬಹುಪಾಲು ಆಶಯ ಪತ್ರ: ಇಂತಿಷ್ಟು ಸರಕು ಕೊಳ್ಳುವ ಇಚ್ಛೆ ಕ್ಯೂಬಾಕ್ಕೆ ಇದೆ ಎಂಬ ಕಾಗದ. ಮಾರುವುದು ರಾಜ್ಯವಲ್ಲ, ಖಾಸಗಿ ಕಂಪನಿ. ಕೊಳ್ಳುವುದು ಅಲಿಂಪೋರ್ಟ್ ಎಂಬ ಕ್ಯೂಬಾದ ಸರ್ಕಾರಿ ಕಂಪನಿ. ಕರಾರು ಇವರಿಬ್ಬರದು. ಗವರ್ನರ್ ಮದುವೆ ದಲ್ಲಾಳಿ ಇದ್ದಂತೆ. ತಾಳಿ ಕಟ್ಟುವವರು ಬೇರೆ.

ಆ ಕಾಗದಗಳಲ್ಲಿನ ಮೊತ್ತಗಳನ್ನು ನೀವು ‘ವ್ಯಾಪಾರ’ ಎಂದು ಕೂಡಿಸಿದ್ದೀರಿ. ಅದನ್ನು ತೆಗೆಯಲೇಬೇಕು. ಘೋಷಿಸಿದ್ದು ಬೇರೆ, ಸಾಗಿದ್ದು ಬೇರೆ. ಸಾಗಿದ್ದರ ಲೆಕ್ಕ ಅಮೆರಿಕದ ಸೆನ್ಸಸ್ ಬ್ಯೂರೋದ ರಫ್ತು ಅಂಕಿಗಳಲ್ಲಿ ತಿಂಗಳು ತಿಂಗಳೂ ಸಿಗುತ್ತದೆ. ಹೆಪ್ಪುಗಟ್ಟಿಸಿದ ಕೋಳಿ ತುಂಡುಗಳಿಗೆ 0207.14 ಎಂಬ ಸುಂಕ ಸಂಖ್ಯೆ ಹಾಕಿ ಹುಡುಕಿ. ಆದರೆ ರಾಜ್ಯವಾರು ಅಂಕಿಗಳನ್ನು ನಂಬುವಾಗ ಹುಷಾರು. ಅಲ್ಲಿ ಎಣಿಕೆಯಾಗುವುದು ಸರಕು ರಫ್ತಿಗೆಂದು ಎಲ್ಲಿಂದ ಹೊರಟಿತು ಎಂಬುದು, ಎಲ್ಲಿ ಬೆಳೆಯಿತು ಎಂಬುದಲ್ಲ. ಇಲಿನಾಯ್ ರೈತನ ಮೆಕ್ಕೆಜೋಳ ಮಿಸಿಸಿಪ್ಪಿ ನದಿಯಲ್ಲಿ ಬಾರ್ಜ್ ಏರಿ ನ್ಯೂ ಆರ್ಲಿಯನ್ಸ್ ಕಡೆಗೆ ಇಳಿದು, ಅಲ್ಲಿನ ಎಲಿವೇಟರ್‌ನಲ್ಲಿ, ಅಂದರೆ ಧಾನ್ಯದ ಉಗ್ರಾಣದಲ್ಲಿ, ಬೇರೆಯವರ ಕಾಳಿನೊಡನೆ ಬೆರೆತು ಹಡಗಿಗೆ ಬಿದ್ದರೆ, ಅದು ಲೂಯಿಸಿಯಾನದ ರಫ್ತು ಎಂದು ದಾಖಲಾಗಬಹುದು. ‘ಲೂಯಿಸಿಯಾನ ಎಲ್ಲರನ್ನೂ ಮೀರಿಸಿತು’ ಎಂಬ ನಿಮ್ಮ ಉಪಶೀರ್ಷಿಕೆ ಹುಟ್ಟಿದ್ದು ಇಲ್ಲಿಂದ ಎಂದು ಕಾಣುತ್ತದೆ.

ಈಗ ಮುಖ್ಯ ಮಾತು. ಯಾವ ರಾಜ್ಯವೂ ನಿರ್ಬಂಧವನ್ನು ಮುರಿದಿಲ್ಲ. 2000ದ ಕಾನೂನು ಆಹಾರ ಮತ್ತು ಕೃಷಿ ಉತ್ಪನ್ನಗಳಿಗೆ ಒಂದು ಕಿಂಡಿ ಕೊರೆಯಿತು. ಕೊರೆಸಿದವರಲ್ಲಿ ಬೆಲೆ ಕುಸಿತದಿಂದ ಕಂಗೆಟ್ಟಿದ್ದ ಕೃಷಿ ರಾಜ್ಯಗಳ ಸಂಸದರದು ದೊಡ್ಡ ಪಾಲು. ರಾಜ್ಯಗಳು ಆ ಕಿಂಡಿಯ ಮುಂದೆ ಸಾಲು ನಿಂತವು, ಅಷ್ಟೇ. ‘ಎಡಪಂಥೀಯ ಗವರ್ನರ್‌ಗಳು’ ಎಂಬ ಮಾತೂ ನಿಲ್ಲುವುದಿಲ್ಲ. ಇಲಿನಾಯ್‌ನ ರಯಾನ್, 2005ರಲ್ಲಿ ಹೋದ ನೆಬ್ರಾಸ್ಕದ ಡೇವ್ ಹೈನೆಮನ್, 2015ರಲ್ಲಿ ಹೋದ ಅರ್ಕನ್ಸಾದ ಏಸಾ ಹಚಿನ್‌ಸನ್, ಟೆಕ್ಸಸ್‌ನ ಗ್ರೆಗ್ ಅಬಾಟ್, ಎಲ್ಲರೂ ಬಲಪಂಥೀಯ ರಿಪಬ್ಲಿಕನ್ ಪಕ್ಷದವರು. ಅವರನ್ನು ಹವಾನಾಕ್ಕೆ ಎಳೆದದ್ದು ಸಿದ್ಧಾಂತವಲ್ಲ. ಕಾಳು, ಅಕ್ಕಿ, ಕೋಳಿ.

ಆ ಕಿಂಡಿಯ ಅಳತೆಯನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: “ಕ್ಯೂಬಾ ಮುಂಗಡ ಕೊಡಬೇಕಿತ್ತು.” ಲೇಖನದ ಜೀವವೇ ಇರುವುದು ಇಲ್ಲಿ, ಪದ ತಪ್ಪಿರುವುದೂ ಇಲ್ಲೇ. ಮುಂಗಡ ಎಂದರೆ ಓದುಗ ತಿಳಿಯುವುದು ಒಂದು ಪಾಲನ್ನು ಮೊದಲು ಕೊಟ್ಟು ಉಳಿದದ್ದನ್ನು ಆಮೇಲೆ ಕೊಡುವುದು. ಇಲ್ಲಿ ಇಡೀ ಮೊತ್ತ ಮೊದಲೇ ಬರಬೇಕು. ಉದ್ರಿ ಎಂಬ ಮಾತೇ ಇಲ್ಲ. ಇದು ಬಿಟ್ಟರೆ ಇರುವ ಇನ್ನೊಂದೇ ದಾರಿ, ಮೂರನೆಯ ದೇಶದ ಬ್ಯಾಂಕೊಂದು ಸಾಲ ಕೊಡುವುದು. ಆ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ಟನ್ನು (ಹಣ ಪಾವತಿಯ ಖಾತರಿ ಪತ್ರವನ್ನು) ಅಮೆರಿಕದ ಬ್ಯಾಂಕು ದೃಢಪಡಿಸಬಹುದು. ತಾನೇ ಸಾಲ ಕೊಡುವಂತಿಲ್ಲ.

ಒಂದು ಹಡಗು ಕೋಳಿಯನ್ನು ಹಿಂಬಾಲಿಸಿ, ತಾನಾಗಿಯೇ ತಿಳಿಯುತ್ತದೆ. ಕಂಪನಿ ಮತ್ತು ಅಲಿಂಪೋರ್ಟ್ ನಡುವೆ ಕರಾರು ಆಗುತ್ತದೆ. ಕಂಪನಿ ವಾಣಿಜ್ಯ ಇಲಾಖೆಗೆ ಮುಂಚಿತವಾಗಿ ತಿಳಿಸಿ, ಸುಮಾರು 11 ಕೆಲಸದ ದಿನ ಆಕ್ಷೇಪಕ್ಕಾಗಿ ಕಾಯುತ್ತದೆ. ಯಾರೂ ತಕರಾರು ಎತ್ತದಿದ್ದರೆ ಕರಾರಿನ ದಿನದಿಂದ 12 ತಿಂಗಳೊಳಗೆ ಸರಕು ಹೊರಡಬೇಕು. ಹಣ ಬರುವುದು ಮೂರನೆಯ ದೇಶದ ಬ್ಯಾಂಕಿನ ಮೂಲಕ. ಇಲ್ಲಿಯವರೆಗೆ ಬೇರೆ ರಫ್ತಿಗಿಂತ ಕಾಗದ ಹೆಚ್ಚು, ಅಷ್ಟೇ. ತೊಡಕು ಇರುವುದು ‘ಮೊದಲೇ’ ಎಂಬ ಪದದಲ್ಲಿ. ಯಾವುದಕ್ಕಿಂತ ಮೊದಲು?

ಆರಂಭದ ವರ್ಷಗಳಲ್ಲಿ ವ್ಯಾಪಾರಿಗಳು ನಡೆಸಿದ್ದು ಹೀಗೆ: ಹಡಗು ಹೊರಡುತ್ತದೆ, ದಾರಿಯಲ್ಲಿರುವಾಗ ಹಣ ಬರುತ್ತದೆ, ಆಮೇಲೆ ಹವಾನಾದಲ್ಲಿ ಸರಕಿನ ಒಡೆತನ ಕೈ ಬದಲಾಯಿಸುತ್ತದೆ. 2005ರ ಫೆಬ್ರವರಿಯಲ್ಲಿ ಖಜಾನೆ ಇಲಾಖೆಯ ವಿದೇಶಿ ಆಸ್ತಿ ನಿಯಂತ್ರಣ ಕಚೇರಿ ಹೊಸ ವ್ಯಾಖ್ಯೆ ಕೊಟ್ಟಿತು: ಹಡಗು ಅಮೆರಿಕದ ಬಂದರು ಬಿಡುವ ಮುನ್ನವೇ ಹಣ ಬಂದಿರಬೇಕು. ಕಾನೂನಿನ ಒಂದಕ್ಷರವೂ ಬದಲಾಗಲಿಲ್ಲ, ವ್ಯಾಪಾರದ ಲಯ ಮುರಿಯಿತು. ಹಣ ಎರಡು ದಿನ ತಡವಾದರೆ ತುಂಬಿದ ಹಡಗು ಕಟ್ಟೆಗೆ ಕಟ್ಟಿಕೊಂಡೇ ನಿಲ್ಲುತ್ತದೆ, ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ಹಡಗನ್ನು ತಡೆದಿಟ್ಟದ್ದಕ್ಕೆ ತೆರುವ ಶುಲ್ಕ, ಏರುತ್ತದೆ, ಒಳಗೆ ಶೀತಲ ಯಂತ್ರ ಓಡುತ್ತಲೇ ಇರಬೇಕು. ಅದಕ್ಕಿಂತ ದೊಡ್ಡ ಭಯ ಕ್ಯೂಬಾದ್ದು. ದುಡ್ಡು ಕೊಟ್ಟು ತನ್ನದಾದ ಸರಕು ಇನ್ನೂ ಅಮೆರಿಕದ ನೆಲದಲ್ಲಿರುವಾಗ, ಕ್ಯೂಬಾ ವಿರುದ್ಧ ಅಮೆರಿಕದ ಕೋರ್ಟಿನಲ್ಲಿ ತೀರ್ಪು ಪಡೆದವರು ಯಾರಾದರೂ ಬಂದು ಅದನ್ನು ಜಪ್ತಿ ಮಾಡಿಸಿದರೆ? 2015ರ ಜನವರಿಯಲ್ಲಿ ಹಳೆಯ ಅರ್ಥ ಮರಳಿ ಬಂತು.

ಹಾಗಾದರೆ ವ್ಯಾಪಾರ ಚೇತರಿಸಿಕೊಂಡಿತೇ? ನೀವು ಹಾಗೇ ಬರೆದಿದ್ದೀರಿ. ಆದದ್ದು ತದ್ವಿರುದ್ಧ. 2008ರಲ್ಲಿ ಸುಮಾರು 71 ಕೋಟಿ ಡಾಲರ್ ಮುಟ್ಟಿದ್ದ, ಕ್ಯೂಬಾಕ್ಕೆ ಅಮೆರಿಕದ ಕೃಷಿ ರಫ್ತು 2015ರಲ್ಲಿ ಸುಮಾರು 17 ಕೋಟಿಗೆ ಇಳಿದಿತ್ತು. ಕಾರಣ ಸರಳ: ಉದ್ರಿ. ಬೇರೆ ದೇಶಗಳು ಸಾಲಕ್ಕೆ ಮಾರುತ್ತವೆ, ಅಮೆರಿಕದವರು ಮಾರುವಂತಿಲ್ಲ, ಕ್ಯೂಬಾದ ಕೈಯಲ್ಲಿ ನಗದಿಲ್ಲ. ಅರ್ಕನ್ಸಾ, ಲೂಯಿಸಿಯಾನಗಳ ಅಕ್ಕಿಯ ಮಾರಾಟ 2008ರ ನಂತರ ಹೆಚ್ಚೂಕಡಿಮೆ ನಿಂತೇಹೋಯಿತು. ಅಷ್ಟು ದೂರದ ವಿಯೆಟ್ನಾಂನಿಂದ ಅಕ್ಕಿ ಬರುತ್ತದೆ. ಅಂದರೆ ದೂರದ ಹಡಗು ಬಾಡಿಗೆಗಿಂತ ಸಾಲದ ಗಡುವು ಹೆಚ್ಚು ತೂಗುತ್ತದೆ. 2018ರ ಡಿಸೆಂಬರ್‌ನ ಕೃಷಿ ಕಾಯ್ದೆ ಮಾರುಕಟ್ಟೆ ಪ್ರಚಾರಕ್ಕೆ ಕೃಷಿ ಇಲಾಖೆಯ ಹಣ ಬಳಸಲು ಬಿಟ್ಟಿತು. ಸಾಲದ ಬಾಗಿಲನ್ನು ಮುಟ್ಟಲಿಲ್ಲ.

ಉಳಿದುಕೊಂಡದ್ದು ಕೋಳಿ. ನಾಲ್ಕನೆಯ ಪುಟದಲ್ಲಿ ನೀವೇ ಬರೆದಿದ್ದೀರಿ: ಅಮೆರಿಕನ್ನರಿಗೆ ಎದೆಯ ಬಿಳಿ ಮಾಂಸ ಬೇಕು, ಕಾಲು ಮಿಕ್ಕುತ್ತದೆ, ಆ ಕಾಲು ಕ್ಯೂಬಾದವರಿಗೆ ಇಷ್ಟ, ಅಗ್ಗವೂ ಹೌದು. ಇಡೀ ಲೇಖನದಲ್ಲಿ ಇದು ಅತ್ಯುತ್ತಮ ಪ್ಯಾರಾ. ಅದನ್ನು ಅಲ್ಲಿ ಏಕೆ ಹೂತಿಟ್ಟಿರಿ? ಮೊದಲ ಪುಟಕ್ಕೆ ತನ್ನಿ.

ಕಾನೂನಿನ ಭಾಗದಲ್ಲಿ ಎರಡು ಕಡೆ ಕತ್ತರಿ ಹಾಕಿ. ಅನುಮತಿಯಿಲ್ಲದೆ ವಿದೇಶಿ ಸರ್ಕಾರದೊಡನೆ ಸಂಧಾನ ನಡೆಸುವುದನ್ನು ನಿಷೇಧಿಸುವ 1799ರ ಲೋಗನ್ ಕಾಯ್ದೆಯಡಿ ಗವರ್ನರ್‌ಗಳು ‘ಅಪರಾಧಿಗಳಾಗಬಹುದಿತ್ತು’ ಎಂಬ ರೋಚಕ ಪ್ಯಾರಾ ಬೇಡ. ಆ ಕಾಯ್ದೆಯಡಿ ಆರೋಪ ಹೊರಿಸಿದ್ದು 1803 ಮತ್ತು 1852ರಲ್ಲಿ ಮಾತ್ರ, ಶಿಕ್ಷೆ ಯಾರಿಗೂ ಆಗಲಿಲ್ಲ. 2014ರಲ್ಲಿ ಒಬಾಮ ನಿರ್ಬಂಧ ತೆಗೆದರು ಎಂಬ ಸಾಲೂ ಹೋಗಲಿ. ಅವರು ರಾಜತಾಂತ್ರಿಕ ಸಂಬಂಧ ಮರಳಿ ಕಟ್ಟಿದರು, ಕೆಲವು ನಿಯಮ ಸಡಿಲಿಸಿದರು. ಕೆನಡಿ 1962ರ ಫೆಬ್ರವರಿಯಲ್ಲಿ ಆದೇಶದಿಂದ ಹೇರಿದ ನಿರ್ಬಂಧವನ್ನು 1996ರ ಹೆಲ್ಮ್ಸ್-ಬರ್ಟನ್ ಕಾಯ್ದೆ ಕಾನೂನಾಗಿ ಗಟ್ಟಿ ಮಾಡಿತು. ಅದನ್ನು ಪೂರ್ತಿ ಎತ್ತುವುದು ಅಧ್ಯಕ್ಷರೊಬ್ಬರ ಕೈಯಲ್ಲಿಲ್ಲ.

‘ರಾಜ್ಯಗಳಿಗೆ ತಮ್ಮದೇ ವಿದೇಶಾಂಗ ನೀತಿಯ ಹಕ್ಕಿದೆ’ ಎನ್ನುವಾಗ ಸುಪ್ರೀಂ ಕೋರ್ಟಿನ 2000ದ ಕ್ರಾಸ್ಬಿ ತೀರ್ಪನ್ನು ನೀವು ನೋಡಿದಂತಿಲ್ಲ. ಬರ್ಮಾ ಜೊತೆ ವ್ಯವಹರಿಸುವ ಕಂಪನಿಗಳನ್ನು ಸರ್ಕಾರಿ ಖರೀದಿಯಿಂದ ದೂರವಿಡುವ ಮ್ಯಾಸಚೂಸೆಟ್ಸ್ ಕಾನೂನನ್ನು ಕೋರ್ಟು ಅಲ್ಲಿ ಹೊಡೆದುಹಾಕಿತು. ಕ್ಯೂಬಾ ನಂಟಿನ ಕಂಪನಿಗಳಿಗೆ ಸರ್ಕಾರಿ ಗುತ್ತಿಗೆ ನಿರಾಕರಿಸುವ ಫ್ಲಾರಿಡಾದ 2012ರ ಕಾನೂನಿಗೂ ಮರುವರ್ಷ ಮೇಲ್ಮನವಿ ನ್ಯಾಯಾಲಯದಲ್ಲಿ ಅದೇ ಗತಿಯಾಯಿತು. ಗಮನಿಸಿ: ಬಿದ್ದದ್ದು ಒಕ್ಕೂಟ ಸರ್ಕಾರಕ್ಕಿಂತ ಬಿಗಿಯಾಗಲು ಹೋದ ರಾಜ್ಯಗಳ ಕಾನೂನು. ಗವರ್ನರ್‌ಗಳ ನಿಯೋಗಗಳು ಪರವಾನಗಿಯ ಗೆರೆಯೊಳಗೇ ಇದ್ದದ್ದರಿಂದ ಅವುಗಳಿಗೆ ಆ ಪಾಡು ಬರಲಿಲ್ಲ.

ನಿಮಗೆ ನಿಜಕ್ಕೂ ಜಟಾಪಟಿ ಬೇಕಿದ್ದರೆ ಅದು ವಾಷಿಂಗ್ಟನ್ ಮತ್ತು ರಾಜ್ಯಗಳ ನಡುವೆ ಇಲ್ಲ, ಫ್ಲಾರಿಡಾದ ಒಳಗೇ ಇದೆ. 2017ರ ಜನವರಿಯಲ್ಲಿ ಪೋರ್ಟ್ ಎವರ್‌ಗ್ಲೇಡ್ಸ್ ಮತ್ತು ಪಾಮ್ ಬೀಚ್ ಬಂದರುಗಳು ಕ್ಯೂಬಾದ ಬಂದರು ಆಡಳಿತದ ಜೊತೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕುವುದರಲ್ಲಿದ್ದವು. ಹಾಗೆ ಮಾಡುವ ಬಂದರುಗಳ ಅನುದಾನ ಕಡಿಯುವುದಾಗಿ ಗವರ್ನರ್ ರಿಕ್ ಸ್ಕಾಟ್ ಎಚ್ಚರಿಸಿದರು. ಎರಡೂ ಹಿಂದೆ ಸರಿದವು. ಕ್ಯೂಬಾಕ್ಕೆ ಅತಿ ಹತ್ತಿರದ ರಾಜ್ಯವೇ ಬಾಗಿಲಿಗೆ ಅಡ್ಡ ನಿಂತ ಈ ಪ್ರಸಂಗಕ್ಕೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಶೀರ್ಷಿಕೆಯ ‘ದಿಗ್ಬಂಧನ’ದ ಬಗ್ಗೆಯೂ ಒಂದು ಮಾತು. ಪತ್ರಿಕೆಗಳಲ್ಲಿ ರೂಢಿಯಾಗಿದೆ, ಒಪ್ಪುತ್ತೇವೆ. ಆದರೆ ದಿಕ್ಕು ದಿಕ್ಕನ್ನೂ ಕಟ್ಟುವುದು 1962ರ ಅಕ್ಟೋಬರ್‌ನಲ್ಲಿ ಯುದ್ಧನೌಕೆಗಳು ಕ್ಯೂಬಾವನ್ನು ಸುತ್ತುವರಿದಾಗಿನ ಚಿತ್ರ. ಕ್ಯೂಬಾ ಸರ್ಕಾರ ಇಂದಿಗೂ ಇಡೀ ಕ್ರಮವನ್ನು ಆ ಅರ್ಥದ ಪದದಿಂದಲೇ ಕರೆಯುತ್ತದೆ, ಅಮೆರಿಕ ಕರೆಯುವುದಿಲ್ಲ. ನೀವು ಯಾರ ಪದವನ್ನು ಬಳಸುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರಲಿ. ಕ್ಯೂಬಾದವರ ಮಾತು ಉಲ್ಲೇಖಿಸುವಾಗ ದಿಗ್ಬಂಧನ, ನಿಮ್ಮದೇ ನಿರೂಪಣೆಯಲ್ಲಿ ‘ವ್ಯಾಪಾರ ನಿರ್ಬಂಧ’ ಎಂದು ಬರೆದರೆ ಸಾಕು.

ಎಂಟು ಪುಟವನ್ನು ನಾಲ್ಕಕ್ಕೆ ಇಳಿಸಿ. ಗವರ್ನರ್‌ಗಳು ಮತ್ತು ಫಿಡೆಲ್ ಕಾಸ್ಟ್ರೋ ಕೈಕುಲುಕುವ ಎರಡು ಪುಟದ ವರ್ಣನೆಗೆ ಮೂರು ಸಾಲು ಸಾಕು. ಕೋಳಿ ಕಾಲಿನಿಂದ ಶುರುಮಾಡಿ, ಹಣ ಬರಲೆಂದು ಕಟ್ಟೆಯಲ್ಲಿ ಕಾದಿರುವ ಹಡಗಿಗೆ ಬನ್ನಿ, ಅಲ್ಲಿಂದ 2005ರ ವ್ಯಾಖ್ಯೆಗೆ. ರಫ್ತಿನ ಅಂಕಿಗಳನ್ನು ವರ್ಷವಾರು ಬೇರೆ ಹಾಳೆಯಲ್ಲಿ ಕಳಿಸಿ. ನಾವೂ ಒಮ್ಮೆ ತಾಳೆ ನೋಡುತ್ತೇವೆ.

ಇಂತಿ,
ಸಂಪಾದಕ ಬಳಗ